ಶನಿವಾರ ಬೆಳಿಗ್ಗೆ, ಅಂಗಡಿ ಬಾಗಿಲಲ್ಲಿ

1985ರಲ್ಲಿ ನಾನು ಲಂಡನ್ನಿನಲ್ಲಿ ಓದುತ್ತಿದ್ದೆ. ಪ್ರತಿ ಶನಿವಾರ ಟೂಟಿಂಗ್‌ನ ಒಂದು ಸೂಪರ್‌ಮಾರ್ಕೆಟ್ ಮುಂದೆ ಕರಪತ್ರ ಹಿಡಿದು ನಿಲ್ಲುತ್ತಿದ್ದೆ. ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಕರಿಯರ ಮೇಲೆ ಹೇರಿದ್ದ ವರ್ಣಭೇದ ನೀತಿಯನ್ನು ವಿರೋಧಿಸಿ, ಆ ದೇಶದ ಹಣ್ಣು ಕೊಳ್ಳಬೇಡಿ ಎಂದು ಜನರನ್ನು ಕೇಳಿಕೊಳ್ಳುವುದು ನಮ್ಮ ಕೆಲಸ. ಬ್ರಿಟನ್ನಿನ ಥ್ಯಾಚರ್ ಸರ್ಕಾರ ಆ ದೇಶದ ಮೇಲೆ ಪೂರ್ಣ ಆರ್ಥಿಕ ನಿರ್ಬಂಧಕ್ಕೆ ಒಪ್ಪಿರಲಿಲ್ಲ. ಹಾಗಾಗಿ ಈ ಅಂಗಡಿ ಬಾಗಿಲೇ ನಮಗೆ ದೊಡ್ಡದಾಗಿತ್ತು.

ಮೊದಲ ವಾರ ಬಂದವರಿಗೆಲ್ಲ ಪೂರ್ತಿ ಕತೆ ಹೇಳಲು ಹೋದೆ. ಕರಿಯರು ಜೇಬಲ್ಲಿ ಪಾಸ್ ಇಟ್ಟುಕೊಂಡೇ ಓಡಾಡಬೇಕೆಂಬ ಕಾನೂನು, ಅದನ್ನು ವಿರೋಧಿಸಿದ್ದಕ್ಕೆ 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಕೊಂದದ್ದು, ಎಲ್ಲ. ಚೀಲ ಹಿಡಿದು ಬಂದವರಿಗೆ ಅಷ್ಟು ಪುರುಸೊತ್ತು ಎಲ್ಲಿ? ಆಮೇಲೆ ಅಲ್ಲಿನ ಹಣ್ಣಿನ ಬ್ರಾಂಡ್ ಹೆಸರು ಹೇಳುವ ಒಂದೇ ಮಾತು ಇಟ್ಟುಕೊಂಡೆ. "ಕಿತ್ತಳೆ ಮೇಲೆ ಔಟ್‌ಸ್ಪ್ಯಾನ್, ಸೇಬಿನ ಮೇಲೆ ಕೇಪ್ ಅಂತಿದ್ದರೆ ಬಿಟ್ಟುಬಿಡಿ." ಕೆಲವರು ಆಚೆ ಬಂದು, ಚೀಲ ಬಿಚ್ಚಿ, "ನೋಡಿ, ಸ್ಪೇನಿನದು" ಎಂದು ತೋರಿಸುತ್ತಿದ್ದರು.

"ಇದರಿಂದ ಮೊದಲು ಹೊಟ್ಟೆಗಿಲ್ಲದೆ ಸಾಯುವುದು ಅಲ್ಲಿನ ಕರಿಯರೇ ಅಲ್ವಾ?" ಜಾಸ್ತಿ ಜನ ಇದನ್ನೇ ಕೇಳುತ್ತಿದ್ದರು. ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ. ತೋಟದ ಕೂಲಿ ತಪ್ಪಿದ ಮನೆಯ ಗತಿ ಏನು ಅಂತ ನನಗೂ ರಾತ್ರಿ ಕಾಡುತ್ತಿತ್ತು. ಆದರೆ ಬಹಿಷ್ಕಾರ ಮಾಡಿ ಎಂದು ಕೇಳಿದವರು ಅವರೇ. ಕರಿಯರ ಹಕ್ಕಿಗಾಗಿ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ನಾಯಕ ಆಲ್ಬರ್ಟ್ ಲುಟುಲಿ 1959ರಲ್ಲೇ ಕರೆ ಕೊಟ್ಟಿದ್ದರು. ತಮ್ಮವರಿಗೇ ಕಷ್ಟ ಬರುತ್ತದೆಂದು ಗೊತ್ತಿದ್ದೂ ಕೊಟ್ಟಿದ್ದರು. ನಾನು ಅದನ್ನೇ ಹೇಳುತ್ತಿದ್ದೆ.

"ನೀವು ಇಂಡಿಯಾದವರು, ನಿಮಗ್ಯಾಕೆ ಇದೆಲ್ಲ?" ಎಂದವರಿಗೆ ಪಾಸ್‌ಪೋರ್ಟ್ ತೆಗೆದು ತೋರಿಸುತ್ತಿದ್ದೆ. ದಕ್ಷಿಣ ಆಫ್ರಿಕಾಕ್ಕೆ ಇದು ನಡೆಯುವುದಿಲ್ಲ ಎಂದು ಅದರಲ್ಲೇ ಬರೆದಿತ್ತು. ಭಾರತ 1946ರಲ್ಲೇ, ಸ್ವಾತಂತ್ರ್ಯಕ್ಕೂ ಮೊದಲೇ, ಆ ದೇಶದ ಜೊತೆ ವ್ಯಾಪಾರ ನಿಲ್ಲಿಸಿತ್ತು. ಅದೇ ವರ್ಷ ವಿಶ್ವಸಂಸ್ಥೆಗೆ ದೂರನ್ನೂ ಒಯ್ದಿತ್ತು. ಇದನ್ನು ಹೇಳುವಾಗ ನನ್ನ ದನಿ ಏರುತ್ತಿತ್ತು.

ನಮಗೆ ಧೈರ್ಯ ಕೊಟ್ಟವರು ಡಬ್ಲಿನ್ನಿನ ಹುಡುಗಿಯರು. 1984ರಲ್ಲಿ ಡನ್ಸ್ ಅಂಗಡಿಯ ಕ್ಯಾಷಿಯರ್ ಒಬ್ಬಳು ದಕ್ಷಿಣ ಆಫ್ರಿಕಾದ ಗ್ರೇಪ್‌ಫ್ರೂಟ್‌ಗೆ ಬಿಲ್ ಮಾಡಲು ಒಪ್ಪಲಿಲ್ಲ. ಅವಳನ್ನು ಸಸ್ಪೆಂಡ್ ಮಾಡಿದ್ದೇ ತಡ, ಜೊತೆಯವರೂ ಕೆಲಸ ಬಿಟ್ಟು ಆಚೆ ಬಂದರು. ಮಳೆ, ಚಳಿ, ಸಂಬಳವಿಲ್ಲ, ಎರಡೂವರೆ ವರ್ಷಕ್ಕೂ ಮೇಲೆ. 1987ರಲ್ಲಿ ಐರ್ಲೆಂಡ್ ಸರ್ಕಾರವೇ ಆ ದೇಶದ ಹಣ್ಣು ತರಕಾರಿ ನಿಷೇಧಿಸಿತು.

1993ರ ಸೆಪ್ಟೆಂಬರ್ 24, ಶುಕ್ರವಾರ. ಆರ್ಥಿಕ ನಿರ್ಬಂಧ ಇನ್ನು ತೆಗೆಯಿರಿ ಎಂದು ಮಂಡೇಲಾ ವಿಶ್ವಸಂಸ್ಥೆಯಲ್ಲಿ ಕೇಳಿದರು. ಮಾರನೇ ದಿನ ಅದೇ ಅಂಗಡಿಗೆ ಹೋದೆ. ನಾಲ್ಕು ಔಟ್‌ಸ್ಪ್ಯಾನ್ ಕಿತ್ತಳೆ ಕೊಂಡೆ.