ನಾಯಿ, ಬೆಕ್ಕಿಗೆ ಮನೆಯಡುಗೆ: ಮೊದಲು ತಕ್ಕಡಿ, ಆಮೇಲೆ ಒಲೆ

ಸಾಕಿದ ಪ್ರಾಣಿಗೆ ಪ್ಯಾಕೆಟ್ ಆಹಾರ ಬಿಡಿಸಿ ತಾಜಾ ಮಾಂಸ, ತರಕಾರಿ ಬೇಯಿಸಿ ಹಾಕಬೇಕೆಂಬ ಆಸೆ ಒಳ್ಳೆಯದೇ. ಆದರೆ ಆ ಪ್ಯಾಕೆಟ್ ಸದ್ದಿಲ್ಲದೆ ಮಾಡುತ್ತಿದ್ದ ಒಂದು ಕೆಲಸ, ಅಂದರೆ ಖನಿಜ ಮತ್ತು ಜೀವಸತ್ವಗಳ ಲೆಕ್ಕ, ಇನ್ನು ಅಡುಗೆ ಮಾಡುವವರ ಪಾಲಿಗೆ ಬರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ತಜ್ಞರು 2013ರಲ್ಲಿ ನಾಯಿಗಳಿಗೆಂದು ಬರೆದ 200 ಪಾಕವಿಧಾನಗಳನ್ನು ಪರಿಶೀಲಿಸಿದಾಗ, ಶೇ 95ರಷ್ಟರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶವಾದರೂ ಕೊರತೆಯಲ್ಲಿತ್ತು.

ಆದ್ದರಿಂದ ಮೊದಲು ಪ್ರಾಣಿಯನ್ನು ತೂಗಿ, ಪಶುವೈದ್ಯರಿಗೆ ತೋರಿಸಿ. ಮರಿ, ಗಬ್ಬದ ಪ್ರಾಣಿ, ಮೂತ್ರಪಿಂಡದ ತೊಂದರೆಯಿರುವ ಪ್ರಾಣಿ ಇವುಗಳಿಗೆ ಮುಂದಿನ ಅಳತೆ ಹೊಂದುವುದಿಲ್ಲ.

ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಹತ್ತು ಕಿಲೋ ತೂಕದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 630 ಕ್ಯಾಲರಿ ಬೇಕು. ಬೇಯಿಸಿದ ಮೇಲೆ ತೂಗಿದ, ಮೂಳೆಯಿಲ್ಲದ ಕೋಳಿಮಾಂಸ 200 ಗ್ರಾಂ, ಅನ್ನ 150 ಗ್ರಾಂ, ಕುಂಬಳ ಅಥವಾ ಕ್ಯಾರೆಟ್ 80 ಗ್ರಾಂ ಮತ್ತು ಎರಡು ಟೀ ಚಮಚ ಎಣ್ಣೆ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಇದನ್ನು ಎರಡು ಹೊತ್ತಿಗೆ ಹಂಚಿಕೊಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಎಳ್ಳಷ್ಟೂ ಬೇಡ. ಬೆಂದ ಮೂಳೆ ಸಿಬಿರಾಗಿ ಒಡೆದು ಕರುಳನ್ನು ಚುಚ್ಚಬಹುದಾದ್ದರಿಂದ ಅದೂ ಬೇಡ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಮಾಂಸದಲ್ಲಿ ರಂಜಕ ಧಾರಾಳವಾಗಿದೆ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಬರೀ ಮಾಂಸವನ್ನೇ ತಿನ್ನುವ ಪ್ರಾಣಿಯ ದೇಹವು ರಕ್ತದಲ್ಲಿ ಕ್ಯಾಲ್ಸಿಯಂ ಮಟ್ಟವನ್ನು ಕಾಯ್ದುಕೊಳ್ಳಲು ತನ್ನದೇ ಮೂಳೆಗಳನ್ನು ಕರಗಿಸತೊಡಗುತ್ತದೆ. ಹೊರಗಿನಿಂದ ಮೈ ಮಿರುಗುತ್ತಿದ್ದರೂ ಒಳಗೆ ಮೂಳೆ ಟೊಳ್ಳಾಗುತ್ತಿರುತ್ತದೆ. ಮೂಳೆಯ ಬದಲಿಗೆ ಮೊಟ್ಟೆಯ ಚಿಪ್ಪು ಸಾಕು. ಅದನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಮೇಲಿನ ಊಟಕ್ಕೆ ದಿನಕ್ಕೆ ಎರಡು ಗ್ರಾಂ ಹಿಡಿಸುತ್ತದೆ. ಇಷ್ಟು ಕಡಿಮೆ ತೂಕಕ್ಕೆ ಕಣ್ಣಳತೆಯನ್ನು ನಂಬಬೇಡಿ. ಸತು, ಅಯೋಡಿನ್, ತಾಮ್ರ, ಡಿ ಮತ್ತು ಇ ಜೀವಸತ್ವಗಳು ಇಷ್ಟಾದರೂ ಸಾಲವು. ಮನೆಯಡುಗೆಗೆಂದೇ ತಯಾರಾಗುವ ಪೂರಕ ಪುಡಿಯನ್ನು ವೈದ್ಯರಿಂದ ಬರೆಸಿಕೊಳ್ಳಿ. ಆ ಪುಡಿಯಲ್ಲೇ ಕ್ಯಾಲ್ಸಿಯಂ ಇದ್ದರೆ ಚಿಪ್ಪಿನ ಪುಡಿಯನ್ನು ಕೈಬಿಡಬೇಕು.

ಬೆಕ್ಕು ಚಿಕ್ಕ ನಾಯಿಯಲ್ಲ. ನಾಯಿ ಅನ್ನವನ್ನು ಅರಗಿಸಿಕೊಂಡು ಬಾಳಬಲ್ಲದು, ಬೆಕ್ಕು ಮಾಂಸಾಹಾರವಿಲ್ಲದೆ ಬದುಕದು. ಕ್ಯಾರೆಟ್‌ನಿಂದ ಎ ಜೀವಸತ್ವವನ್ನು ತಯಾರಿಸಿಕೊಳ್ಳಲೂ ಅದಕ್ಕೆ ಬಾರದು. ಟಾರಿನ್ ಎಂಬ ಅಂಶ ಕಡಿಮೆಯಾದರೆ ಬೆಕ್ಕಿನ ಹೃದಯ ಹಿಗ್ಗಿ ದುರ್ಬಲವಾಗುತ್ತದೆಂಬುದು 1987ರಲ್ಲಿ ಗೊತ್ತಾಯಿತು, ಕಣ್ಣೂ ಕೆಡುತ್ತದೆ. ಟಾರಿನ್ ನೀರಿನಲ್ಲಿ ಕರಗಿ ಹೋಗುವುದರಿಂದ ಮಾಂಸ ಬೇಯಿಸಿದ ನೀರನ್ನು ಚೆಲ್ಲದೆ ಊಟಕ್ಕೇ ಬೆರೆಸಿ. ಕೋಳಿಯ ಎದೆಭಾಗಕ್ಕಿಂತ ಕಾಲಿನ ಮಾಂಸದಲ್ಲಿ, ಹೃದಯದಲ್ಲಿ ಅದು ಹೆಚ್ಚು. ಹಾಗೆಂದು ಟಾರಿನ್ ಪೂರಕವನ್ನು ಬಿಡುವಂತಿಲ್ಲ. ಲಿವರ್ ಬೆಕ್ಕಿಗೆ ಬಲು ಪ್ರಿಯವಾದರೂ ದಿನವೂ ಹೊಟ್ಟೆ ತುಂಬ ಕೊಟ್ಟರೆ ಎ ಜೀವಸತ್ವ ಅತಿಯಾಗಿ ಕುತ್ತಿಗೆಯ ಮೂಳೆಗಳು ಬೆಸೆದುಕೊಳ್ಳುತ್ತವೆ.

ಮಾಡಿದ ಅಡುಗೆ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಪೂರಕ ಪುಡಿಯನ್ನು ಬಡಿಸುವಾಗಷ್ಟೇ ಬೆರೆಸಿ.

ಹೊಸ ಊಟಕ್ಕೆ ಒಮ್ಮೆಲೇ ಬದಲಾಯಿಸಬಾರದು. ಮೊದಲ ಎರಡು ಮೂರು ದಿನ ಹಳೆಯ ಆಹಾರದ ಕಾಲು ಭಾಗವನ್ನು ತೆಗೆದು ಆ ಜಾಗಕ್ಕೆ ಹೊಸದನ್ನು ಸೇರಿಸಿ. ಮಲ ಗಟ್ಟಿಯಾಗಿದ್ದರೆ ಅರ್ಧ, ಮುಂದೆ ಮುಕ್ಕಾಲು, ಹೀಗೆ ಹತ್ತು ದಿನಗಳಲ್ಲಿ ಪೂರ್ತಿ ಮಾಡಿ. ನಾಯಿ ಒಂದು ಹೊತ್ತು ಮುಖ ತಿರುಗಿಸಿದರೆ ಕಾಯಬಹುದು. ಬೆಕ್ಕಿನೊಂದಿಗೆ ಹಟಕ್ಕೆ ಬೀಳಬೇಡಿ: ಎರಡು ಮೂರು ದಿನ ಉಪವಾಸವಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯವಾಗಬಹುದಾದ್ದರಿಂದ, ಒಂದು ದಿನ ತಿನ್ನದಿದ್ದರೆ ಹಳೆಯ ಆಹಾರವನ್ನೇ ಮುಂದಿಟ್ಟು, ಅದನ್ನೂ ಮುಟ್ಟದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.