ಬೋಟಿನ ಮ್ಯೂಸಿಕ್ ಸಿಸ್ಟಮ್‌ಗೆ ಕರೆಂಟ್ ಹೊಂದಿಸಿದ್ದು ಹೆಂಗ: ನನ್ನ ಅನುಭವ

ನಮ್ಮ ಬೋಟಿನ ಸೌಂಡ್ ಕೇಳಿದ ಮಂದಿ ಎಲ್ಲಾರೂ ಆಂಪ್ಲಿಫೈಯರ್ ಯಾವುದು, ಸ್ಪೀಕರ್ ಯಾವ ಕಂಪನಿದು ಅಂತ ಕೇಳ್ತಾರ್ರಿ, ಬ್ಯಾಟರಿ ಎಷ್ಟರದು, ಕೇಬಲ್ ಎಷ್ಟು ದಪ್ಪಂದು ಅಂತ ಒಬ್ಬರೂ ಕೇಳಂಗಿಲ್ಲ. ಖರೇ ಹೇಳಬೇಕಂದ್ರ ಈ ಕೆಲಸಕ್ಕ ಹೋದ ರೊಕ್ಕದಾಗ ದೊಡ್ಡ ಪಾಲು ಹೋಗಿದ್ದು ಕರೆಂಟಿನ ಹಿಂದನ. ಅದಕ್ಕ ಅದನ್ನ ಬರೀತೀನಿ.

ನಂದು ಬಾಗಲಕೋಟಿ ನವನಗರದಾಗ ಆಟೋ ಎಲೆಕ್ಟ್ರಿಕ್ ಕೆಲಸ, ಕಬ್ಬಿನ ಸೀಜನ್ ಬಂತಂದ್ರ ಟ್ರ್ಯಾಕ್ಟರಿಗೆ ಡೆಕ್ ಕೂಡ್ರಸೋದ ಮುಖ್ಯ ಧಂದೆ. ಬೋಟ್ ನಮ್ಮ ಅಣ್ಣ ಮತ್ತ ನಾ ಕೂಡಿ ತಗೊಂಡಿದ್ದು, ದೊಡ್ಡದು, ಕಬ್ಬಿಣದ ಬಾಡಿ, ಒಳಗ 12 ವೋಲ್ಟಿನ ಡೀಸೆಲ್ ಇಂಜಿನ್, ಮ್ಯಾಲೆ ನೆರಳಿಗೆ ಟಾಪ್. ಆಲಮಟ್ಟಿ ಡ್ಯಾಮ್ 519.60 ಮೀಟರ್ ತುಂಬಿ ನಿಂತಾಗ ಹಿನ್ನೀರು ನಮ್ಮ ಅನಗವಾಡಿ ಸೇತುವೆ ಕಡೆತನಾ ಹರವಿರ್ತೈತಿ, ಆವಾಗ ಮಂದಿ ಸಂಜಿಮುಂದ ಬರ್ತ್‌ಡೇ ಅದು ಇದು ಅಂತ ಬರ್ತಾರ, ನಡುನೀರಾಗ ಇಂಜಿನ್ ಬಂದ್ ಮಾಡಿ ಲಂಗರ ಹಾಕಿ ಹಾಡು ಹಚ್ಚಬೇಕು. ಆ ಇಂಜಿನ್ ಬಂದ್ ಇರೋ ಮೂರು ನಾಕ್ ತಾಸು ಐತಲ್ರಿ, ಲೆಕ್ಕ ಎಲ್ಲಾ ಅದರದ.

ಬೋಟ್ ತಗೊಂಡಾಗ ಹಳೇ ಸ್ಟೀರಿಯೋ ಇಂಜಿನ್ ಸ್ಟಾರ್ಟ್ ಮಾಡೋ ಬ್ಯಾಟರಿಗೇ ಜೋಡಿಸಿತ್ತು. ಸಣ್ಣ ಸ್ಟೀರಿಯೋಕ್ಕ ಹೆಂಗೋ ನಡೀತಿತ್ತು, ಆದ್ರ ದೊಡ್ಡ ಆಂಪ್ (ಆಂಪ್ಲಿಫೈಯರ್; ಅಂಕಿ ಆದ ಮ್ಯಾಲೆ ಆಂಪ್ ಅಂತ ಬಂದ್ರ ಮಾತ್ರ ಅದು ಕರೆಂಟಿನ ಅಳತಿ, ಆಂಪಿಯರ್) ಹಾಕಿದ ಮ್ಯಾಲೆ ಹಂಗ ಬಿಡಾಕ ಆಗಂಗಿಲ್ಲ. ಟ್ರ್ಯಾಕ್ಟರ್ ಬ್ಯಾಟರಿ ಇಳೀತಂದ್ರ ನಾಕ್ ಮಂದಿ ದಬ್ಬಿ ಚಾಲೂ ಮಾಡ್ತಾರ, ಇಲ್ಲಾ ಬಾಜೂ ಹೊಲದಿಂದ ಇನ್ನೊಂದು ಟ್ರ್ಯಾಕ್ಟರ್ ತರ್ತಾರ. ನಡುನೀರಾಗ ಸಂಜಿ ಗಾಳಿ ಎದ್ದಾಗ ಸೆಲ್ಫ್ ಹೊಡದ್ರ ಟಕ್ ಟಕ್ ಅಂತ ಅಂದು ನಿಂತ್ರ, ಬೋಟಿನಾಗ ಸಣ್ಣ ಹುಡುಗ್ರು ಇರ್ತಾವು, ಆ ಪರಿಸ್ಥಿತಿ ಬರಬಾರದು. ಅದಕ್ಕ ನಾ ಮೊದಲ ಹಾಕಿದ ಗೆರಿ ಇದು: ಇಂಜಿನ್ ಬ್ಯಾಟರಿ ಇಂಜಿನ್ನಿಗೆ ಅಷ್ಟ, ಹಾಡಿಗೆ ಬ್ಯಾರೇನ ಬ್ಯಾಂಕ್, ಅಂದ್ರ ಬ್ಯಾರೆ ಬ್ಯಾಟರಿ ಜೋಡಿ.

ಇನ್ನ ಲೆಕ್ಕ. ಡಬ್ಬಿ ಮ್ಯಾಲೆ 5000 ವ್ಯಾಟ್ ಅಂತ ಬರದಿರ್ತಾರ, ಅದನ್ನ ನಂಬಬ್ಯಾಡ್ರಿ, ಆರ್‌ಎಂಎಸ್ (ಸತತ ಕೊಡೋ ಖರೇ ವ್ಯಾಟ್) ಎಷ್ಟು ಅಂತ ನೋಡ್ರಿ. ಅದೂ ಬರದಿಲ್ಲಂದ್ರ ಆಂಪಿನ ಹಿಂದಿನ ಫ್ಯೂಸ್ ನೋಡ್ರಿ, 30 ಆಂಪ್ ಫ್ಯೂಸ್ ಇತ್ತಂದ್ರ 13 ವೋಲ್ಟಿಗೆ ಗುಣಿಸಿದ್ರ 390 ವ್ಯಾಟ್ ಒಳಗ ಹೋಗತೈತಿ, ಅದರಾಗ ನೂರಕ್ಕ ಎಂಬತ್ತು ಹೊರಗ ಬಂದ್ರೂ ಮುನ್ನೂರ ಚಿಲ್ಲರ ಅಷ್ಟ, ಡಬ್ಬಿ ಮ್ಯಾಲೆ 1500 ಅಂತ ಇರಲಿ ಏನ ಇರಲಿ. ನಾ ಹಾಕಿದ್ದು ನಾಕ್ ಚಾನೆಲ್ಲಿಂದು 75 ವ್ಯಾಟಿನಂಗ 300, ಸಬ್‌ವೂಫರಿಗೆ (ಬೇಸ್ ಸ್ಪೀಕರ್) ಬ್ಯಾರೆ ಮೋನೋ ಆಂಪ್ 400, ಒಟ್ಟು 700 ವ್ಯಾಟ್ ಆರ್‌ಎಂಎಸ್. ಎರಡೂ ಕ್ಲಾಸ್ ಡಿ, ಅಂದ್ರ ಕರೆಂಟ್ ಕಮ್ಮಿ ಹಾಳ ಮಾಡೋ ನಮೂನಿವು. ಹಳೇ ಕ್ಲಾಸ್ ಎಬಿ ಆಂಪ್ ಅರ್ಧದ ಹತ್ತಿರತ್ತಿರ ಕರೆಂಟ್ ಬರೇ ಬಿಸಿ ಮಾಡಿ ಕಳೀತಾವು, ಬ್ಯಾಟರಿ ಮ್ಯಾಲೆ ನಡ್ಯೋ ಕಡೆ ಅವು ಬ್ಯಾಡ.

ಅದ ನೂರಕ್ಕ ಎಂಬತ್ತರ ಲೆಕ್ಕದಾಗ ಫುಲ್ ತಿರುವಿದ್ರ 13.8 ವೋಲ್ಟಿನ್ಯಾಗ 63 ಆಂಪ್ ಹತ್ತಿರ ಎಳೀತೈತಿ ಅಂತ ಲೆಕ್ಕ ಬಂತು. ಆದ್ರ ಹಾಡು ಸತತ ಫುಲ್ ಎಳ್ಯಂಗಿಲ್ಲ, ಡೊಳ್ಳಿನ ಪೆಟ್ಟು ಬಿದ್ದಾಗ ಏರತೈತಿ, ದನಿ ಬಂದಾಗ ಇಳೀತೈತಿ. ಡಿಸಿ ಓದೋ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆ (ಮನಿ ವೈರಿಂಗಿಗೆ ಬಳಸೋ ಎಸಿ ಕ್ಲ್ಯಾಂಪ್ ಇದಕ್ಕ ನಡ್ಯಂಗಿಲ್ಲ, ಸೊನ್ನಿ ತೋರಸ್ತೈತಿ). ಕೇಬಲ್ ಸುತ್ತ ಕ್ಲ್ಯಾಂಪ್ ಹಿಡಕೊಂಡು ಕುಂತ್ರ ಅಂಕಿ 12, 15, 14 ಅಂತ ಆಡ್ಕೋತ ಇರೋದು, ಡೊಳ್ಳು ಶುರು ಆದ ಕೂಡ್ಲೇ 40 ದಾಟಿ ಜಿಗಿಯೋದು, ಮತ್ತ ಬೀಳೋದು. ಸರಾಸರಿ 20 ಆಂಪ್ ಹಿಡದ್ರ ಸಾಕು. ನಾಕ್ ತಾಸಿಗೆ 80 ಆಂಪ್ ಅವರ್ (ಆಂಪಿಯರನ್ನ ತಾಸಿಗೆ ಗುಣಿಸಿದ್ದು, ಬ್ಯಾಟರಿ ಅಳಿಯೋದು ಇದರಾಗ). ಲೆಡ್ ಬ್ಯಾಟರಿ ಅರ್ಧಕ್ಕಿಂತ ಕೆಳಗ ಇಳಿಸಿದ್ರ ಬ್ಯಾಗ ಸಾಯ್ತಾವು, ಅದಕ್ಕ 160 ಬೇಕು, ನಾ 100ರ ಎರಡು ಎಸ್‌ಎಂಎಫ್ ಎಜಿಎಂ (ನೀರು ಹಾಕೋದು ಬೇಡದ, ಮುಚ್ಚಿದ ಲೆಡ್) ಬ್ಯಾಟರಿ ಪ್ಯಾರಲಲ್ ಹಾಕಿದೆ. ಎರಡೂ ಒಂದ ಕಂಪನಿ, ಒಂದ ತಿಂಗಳದ್ದು ಇರಬೇಕು, ಹಳೇದು ಹೊಸದು ಕೂಡಿಸಿದ್ರ ಹಳೇದು ಹೊಸದನ್ನೂ ಕೆಡಸ್ತೈತಿ.

ಬಾಳ ಮಂದಿ ಮನಿ ಇನ್ವರ್ಟರಿನ ನೀರು ಹಾಕೋ ಟ್ಯೂಬುಲರ್ ಬ್ಯಾಟರಿ ಹಾಕು, ಅಗ್ಗ ಆಗತೈತಿ ಅಂದ್ರು. ಬೋಟ್ ಓಲಾಡಿದಾಗ ಆಸಿಡ್ ಚೆಲ್ಲತೈತಿ, ಚಾರ್ಜ್ ಆಗೋವಾಗ ಗ್ಯಾಸ್ ಬರತೈತಿ, ಮತ್ತ ಒಮ್ಮೆಲೆ ಜಾಸ್ತಿ ಕರೆಂಟ್ ಕೊಡು ಅಂದ್ರ ಅದು ನಿಧಾನದ ಬ್ಯಾಟರಿ. ಬ್ಯಾಡ ಅಂದೆ. ಇಟ್ಟಿದ್ದೂ ಇಂಜಿನ್ ರೂಮಿನ್ಯಾಗ ಅಲ್ಲ, ಸೀಟಿನ ಕೆಳಗ ಗಾಳಿ ಆಡೋ ಕಡೆ, ಪಟ್ಟಿ ಹಾಕಿ ಬಿಗದು. ನಮ್ಮ ಕಡೆ ಬ್ಯಾಸಿಗಿ ಬಿಸಲ ಗೊತ್ತ ಐತಲ್ರಿ, 40 ಡಿಗ್ರಿ ಅಂದ್ರ ಮಾಮೂಲಿ, ಬ್ಯಾಟರಿಗೆ 25ರ ಮ್ಯಾಲೆ ಒಂದೊಂದು ಹತ್ತು ಡಿಗ್ರಿಗೆ ಆಯುಷ್ಯ ಹೆಚ್ಚುಕಮ್ಮಿ ಅರ್ಧ ಆಗತೈತಿ, ಅದರ ಮ್ಯಾಲೆ ಇಂಜಿನ್ ಕಾವೂ ತಿನ್ನಸಬಾರದು.

ಕೇಬಲ್ ಕತಿ ಹೇಳ್ತೀನಿ, ಇದ ನನಗ ಎಲ್ಲಾದಕ್ಕಿಂತ ಮುಖ್ಯ ಅನಸೋದು. ಬ್ಯಾಟರಿಯಿಂದ ಆಂಪ್ ತನಾ 5 ಮೀಟರ್, ಹೋಗಿ ಬಂದು 10 ಮೀಟರ್. ಅಂಗಡ್ಯಾಗ ಆಂಪ್ ಕಿಟ್ ಅಂತ ಕೊಡೋ ಸಣ್ಣ ಕೇಬಲ್ 10 ಎಂಎಂ (ಇಲ್ಲಿ ಎಂಎಂ ಅಂದ್ರ ಚದರ ಎಂಎಂ) ಇತ್ತಂದ್ರೂ 65 ಆಂಪಿಗೆ 1.1 ವೋಲ್ಟ್ ಮ್ಯಾಲೆ ಹಾದ್ಯಾಗ ಹೋಗತೈತಿ, ಬ್ಯಾಟರಿ 12.2 ಇದ್ದಾಗ ಆಂಪಿಗೆ 11 ಮುಟ್ಟಿದ್ರ ಡೊಳ್ಳಿನ ಪೆಟ್ಟಿಗೆ ಆಂಪ್ ಬಂದ್ ಆಗಿ ಮತ್ತ ಚಾಲೂ ಆಗಬಹುದು. ಆವಾಗ ಮಂದಿ ಆಂಪ್ ಕೆಟ್ಟೈತಿ ಅಂತ ತಿಳ್ಕೊಂಡು ಆಂಪ್ ಬದಲಸ್ತಾರ. 35 ಎಂಎಂ ಹಾಕಿದ್ರ ಅದ ದೂರಕ್ಕ, ಅದ ಕರೆಂಟಿಗೆ 0.33 ವೋಲ್ಟ್ ಅಷ್ಟ ಹೋಗತೈತಿ. ನಾ 35 ಎಂಎಂ ತಾಮ್ರದ್ದು ಹಾಕಿದೆ. ತಗೊಳ್ಳೋವಾಗ ತುದಿ ಚಾಕುಲೆ ಕೆರದು ನೋಡ್ರಿ, ಮ್ಯಾಲೆ ತಾಮ್ರದ ಬಣ್ಣ ಒಳಗ ಬೆಳ್ಳಗ ಅಲ್ಯೂಮಿನಿಯಂ ಇರೋದು ಭಾಳ ಬರತೈತಿ. ಕಲಾಯಿ ಮಾಡಿದ ತಾಮ್ರ ಇದ್ರ ಇನ್ನೂ ಚಲೋ, ಕಾರವಾರದ ಕಡೆ ಉಪ್ಪುನೀರಿಗೆ ಅದ ಬೇಕ ಬೇಕು, ನಮ್ಮ ಕೃಷ್ಣಾ ಘಟಪ್ರಭಾದ್ದು ಸಿಹಿನೀರು, ಲಗ್ (ಕೇಬಲ್ ತುದಿಗೆ ಹಾಕೋ ತೂತಿನ ಕಿವಿ) ಚಲೋ ಪ್ರೆಸ್ ಮಾಡಿ ಮ್ಯಾಲೆ ಅಂಟು ಇರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರ ಬಿಗಿಯೋ ಕೊಳವಿ) ಏರಿಸಿದ್ರ ಸಾದಾ ತಾಮ್ರನೂ ನಡೀತೈತಿ.

ಬ್ಯಾಟರಿ ಪ್ಲಸ್‌ನಿಂದ 7 ಇಂಚಿನ ಒಳಗ 100 ಆಂಪ್ ಫ್ಯೂಸ್. ಆಂಪ್ ಕಡೆ ಫ್ಯೂಸ್ ಐತಲ್ಲ ಅಂತ ಇದನ್ನ ಬಿಡಬ್ಯಾಡ್ರಿ, ಈ ಫ್ಯೂಸ್ ಇರೋದು ಕೇಬಲ್ ಸಲುವಾಗಿ. ಕಬ್ಬಿಣದ ಬಾಡಿಗೆ ಕೇಬಲ್ ತಿಕ್ಕಿ ತೊಗಲು ಹರದು ಹತ್ತಿದ್ರ, ಫ್ಯೂಸ್ ಇಲ್ಲಂದ್ರ ನೀರಿನ ನಡುವ ಬೆಂಕಿ.

ಅರ್ತಿಂಗ್ ವಿಷಯದಾಗ ಟ್ರ್ಯಾಕ್ಟರ್ ಕೆಲಸ ಮಾಡಿದ ಕೈಗೆ ಒಂದು ರೂಢಿ ಇರತೈತಿ, ಮೈನಸ್ ತಂದು ಚೆಸ್ಸಿಗೆ ಬೋಲ್ಟ್ ಹೊಡದ್ರ ಮುಗೀತು. ಬೋಟಿನ್ಯಾಗ ಅದು ನಡ್ಯಂಗಿಲ್ಲ. ಕಬ್ಬಿಣದ ಬಾಡಿನ ಮೈನಸ್ ದಾರಿ ಮಾಡಿದ್ರ ಕರೆಂಟ್ ತಗಡಿನ್ಯಾಗ ಹರದು, ಅಲ್ಲಿಂದ ನೀರಿಗೂ ಸೋರಿ, ವೆಲ್ಡಿಂಗ್ ಜಾಗಾ, ಪ್ರೊಪೆಲ್ಲರ್ ಶಾಫ್ಟ್ ಎಲ್ಲಾ ತಿಂತೈತಿ. ಎಷ್ಟು ದಪ್ಪ ಪ್ಲಸ್ ಹೊಕ್ಕೈತಿ ಅಷ್ಟ ದಪ್ಪ ಮೈನಸ್ ತಿರುಗಿ ಬ್ಯಾಟರಿಗೆ ಬರಬೇಕು. ಎರಡೂ ಆಂಪ್, ಹೆಡ್ ಯೂನಿಟ್ (ಹಾಡು ಹಚ್ಚೋ ಡೆಕ್) ಮೂರರ ಮೈನಸ್ಸೂ ಒಂದ ತಾಮ್ರದ ಪಟ್ಟಿಗೆ ಬಿಗದೇನಿ. ಇದರ ಫಾಯದೆ ಇನ್ನೊಂದು ಐತಿ. ಮೊದಲ ಹೆಡ್ ಯೂನಿಟ್ಟಿನ ಮೈನಸ್ ಇಂಜಿನ್ ಮೀಟರ್ ಬೋರ್ಡಿಗೆ ಇತ್ತು, ಎಕ್ಸಲೇಟರ್ ಕೊಟ್ಟಂಗೆಲ್ಲಾ ಸ್ಪೀಕರಿನ್ಯಾಗ ಕುಂಯ್ ಅಂತ ದನಿ ಏರೋದು. ಆಂಪಿನ ಆರ್‌ಸಿಎ ವೈರ್ (ಡೆಕ್ಕಿನಿಂದ ಹಾಡು ತರೋದು) ಕಿತ್ತು ನೋಡಿದೆ, ದನಿ ನಿಂತ್ತು, ಅಂದ್ರ ಬರೋದು ಹೆಡ್ ಯೂನಿಟ್ ಕಡಿಂದ. ಮೈನಸ್ ತಂದು ಆ ಪಟ್ಟಿಗೆ ಹಾಕಿದ ಕೂಡ್ಲೇ ಸ್ವಚ್ಛ ಆತು. ಆರ್‌ಸಿಎ ವೈರ್ ಒಂದು ಬಾಜೂ, ಕರೆಂಟ್ ಕೇಬಲ್ ಇನ್ನೊಂದು ಬಾಜೂ ಓಡಿಸೇನಿ.

ಚಾರ್ಜಿಂಗಿಗೆ ಎರಡು ಬ್ಯಾಂಕಿನ ನಡುವ ವೋಲ್ಟೇಜ್ ನೋಡಿ ಕೂಡೋ ರಿಲೇ ಹಾಕೇನಿ, ಇಂಜಿನ್ ಚಾಲೂ ಆಗಿ ಇಂಜಿನ್ ಬ್ಯಾಟರಿ ಸುಮಾರು 13.3ಕ್ಕ ಬಂದ ಮ್ಯಾಲೆ ಹಾಡಿನ ಬ್ಯಾಂಕನ್ನ ಜೋಡಸ್ತೈತಿ, 12.8ಕ್ಕ ಇಳದ್ರ ಕಡೀತೈತಿ, ಯಾರೂ ಸ್ವಿಚ್ ತಿರುವೋದು ನೆನಪ ಇಡಬೇಕಿಲ್ಲ. ಕರೆಂಟ್ ಒಂದ ದಿಕ್ಕಿಗೆ ಬಿಡೋ ಡಯೋಡ್ ಐಸೋಲೇಟರ್ ಬ್ಯಾಡ ಅಂದೆ, ಅದು 0.7 ವೋಲ್ಟ್ ತಿಂತೈತಿ, ಬ್ಯಾಟರಿ ಯಾವಾಗ್ಲೂ ಅರೆಹೊಟ್ಟ್ಯಾಗ ಉಳೀತಾವು. ಆದ್ರ ಆಲ್ಟರ್ನೇಟರ್ (ಇಂಜಿನ್ನಿನ ಮ್ಯಾಲೆ ತಿರುಗಿ ಚಾರ್ಜ್ ಮಾಡೋದು) ಮ್ಯಾಲೆ 65 ಆಂಪ್ ಬರದಿದ್ರೂ, ಬಿಸಿ ಆಗಿ ಸ್ಲೋ ಓಡೋವಾಗ ಅರ್ಧನೂ ಕೊಡಂಗಿಲ್ಲ. ದಂಡಿಗೆ ಬರೋ ಹೊತ್ತಿನ್ಯಾಗ ಅದು ಏನ ತುಂಬೀತು. ಲೆಡ್ ಬ್ಯಾಟರಿ ಕಡೀ ನೂರಕ್ಕ ಇಪ್ಪತ್ತು ತುಂಬಾಕ ತಾಸುಗಟ್ಟಲೆ ಬೇಕು, ಅದು ಇಂಜಿನ್ ಕೆಲಸ ಅಲ್ಲ, ಸೂರ್ಯಂದು. ಟಾಪ್ ಮ್ಯಾಲೆ 165 ವ್ಯಾಟಿನ ಎರಡು ಸೋಲಾರ್ ಪ್ಯಾನಲ್, 30 ಆಂಪಿನ ಎಂಪಿಪಿಟಿ (ಪ್ಯಾನಲ್ ಕರೆಂಟನ್ನ ಬ್ಯಾಟರಿಗೆ ಹೊಂದಿಸಿ ಕೊಡೋ ಕಂಟ್ರೋಲರ್). ಬಿಸಲ ಚಲೋ ಇದ್ದ ದಿನ 80 ಆಂಪ್ ಅವರ್ ಆಜೂಬಾಜೂ ತಿರುಗಿ ಬರತೈತಿ, ಸಂಜಿಗೆ ತಗದಿದ್ದು ಮರುದಿನಕ್ಕ ಹೊಂದತೈತಿ. ಮಳಿಗಾಲದ ಮೋಡ ಇದ್ರ ದಂಡ್ಯಾಗ ನಿಲ್ಲಿಸಿದಾಗ ಚಾರ್ಜರ್ ಹಚ್ಚತೀವಿ.

ಆಂಪ್‌ಗಳ ಮುಂದ ಲೋ ವೋಲ್ಟೇಜ್ ಕಟ್ ಐತಿ, ಲೋಡ್ ಮ್ಯಾಲೆ 11.9ಕ್ಕ ಹಾಡು ಬಂದ್. ಬಿಲ್ಜ್ ಪಂಪ್ ಮಾತ್ರ ಈ ಕಟ್ಟಿಗೂ ಮೇನ್ ಸ್ವಿಚ್ಚಿಗೂ ಸಿಗಬಾರದು, ತಳದಾಗಿನ ನೀರು ತಗಿಯೋದು ಅದು, ಬ್ಯಾರೆ ಫ್ಯೂಸ್ ಹಾಕಿ ನೇರ ಬ್ಯಾಟರಿಯಿಂದ ಕೊಟ್ಟೇನಿ.

ಒಂದು ಫ್ಯಾರಡ್ ಕೆಪಾಸಿಟರ್ (ಕ್ಷಣಹೊತ್ತು ಕರೆಂಟ್ ಹಿಡದಿಡೋದು) ಹಾಕು, ಬೇಸ್ ಗಟ್ಟಿ ಆಗತೈತಿ ಅಂತನೂ ಹೇಳಿದ್ರು. 13ರಿಂದ 12 ವೋಲ್ಟಿಗೆ ಇಳಿಯೋದ್ರೊಳಗ ಅದು ಕೊಡೋದು 12.5 ಜೂಲ್, ಸಬ್ ಆಂಪ್ 500 ವ್ಯಾಟ್ ಎಳೀಲಾಕ ಹತ್ತಿದ್ರ ಒಂದು ಸೆಕೆಂಡಿನ ನಲವತ್ತರಾಗ ಒಂದು ಪಾಲಿನ್ಯಾಗ ಖಾಲಿ. ಆ ರೊಕ್ಕ ಸ್ಪೀಕರಿಗೆ ಹಾಕ್ರಿ. 89 ಡಿಬಿ ಸ್ಪೀಕರ್ ಬದಲಿ 92 ಡಿಬಿ ಸೆನ್ಸಿಟಿವಿಟಿದು (ಅಷ್ಟ ವ್ಯಾಟಿಗೆ ಎಷ್ಟು ಜೋರ ಕೇಳತೈತಿ ಅನ್ನೋ ಅಂಕಿ) ತಗೊಂಡ್ರ ಅಷ್ಟ ಸೌಂಡಿಗೆ ಅರ್ಧ ಕರೆಂಟ್ ಸಾಕು. ಗ್ವಾಡಿ ಇಲ್ಲದ ಬಯಲು ನೀರಾಗ ಇದು ಭಾಳ ದೊಡ್ಡ ಉಳಿತಾಯ.

ಚಳಿಗಾಲ ಮುಗದು ನೀರು ಹಿಂದ ಸರದಾಗ ದಂಡೀ ಕೆಸರಿಗೆ ಫ್ಲೆಮಿಂಗೋ ಬರ್ತಾವು, ಆ ಕಡೆ ಹೋಗೋವಾಗ ಸಿಸ್ಟಮ್ ಪೂರ್ತಿ ಬಂದ್ ಇಡ್ತೀವಿ, ಗಿರಾಕಿ ಎಷ್ಟ ಕೇಳಿದ್ರೂ. ದೂರದಿಂದ ಹಾರಿ ಬಂದ ಹಕ್ಕಿ ಹೊಟ್ಟಿಗೆ ತಿನ್ನೋ ಜಾಗಾ ಅದು.

ಈ ಎಜಿಎಂ ಸವದ ಮ್ಯಾಲೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕೋ ವಿಚಾರ ಐತಿ, 100 ಆಂಪ್ ಅವರಿನ ಒಂದರಾಗ 80 ತಗೀಬಹುದು, ತೂಕ ಲೆಡ್ ಬ್ಯಾಟರಿಯ ಅರ್ಧಕ್ಕಿಂತ ಕಮ್ಮಿ. ಆದ್ರ ಆವಾಗ ಈ ರಿಲೇ ತಗದು ನಡುವ ಕರೆಂಟ್ ಮಿತಿಯೊಳಗ ಬಿಡೋ ಡಿಸಿ ಟು ಡಿಸಿ ಚಾರ್ಜರ್ ಹಾಕಬೇಕು, ಲಿಥಿಯಂ ಸಿಕ್ಕಷ್ಟು ಕರೆಂಟ್ ಒಮ್ಮೆಲೆ ಎಳ್ಕೊಂತೈತಿ, ಹಂಗ ನೇರ ಕೊಟ್ಟ್ರ 65 ಆಂಪಿನ ಆಲ್ಟರ್ನೇಟರ್ ಸುಟ್ಟ ಹೋಗತೈತಿ. ಕೇಬಲ್, ಫ್ಯೂಸ್, ಮೈನಸ್ ಪಟ್ಟಿ ಈಗ ಇದ್ದದ್ದ ಸಾಕು.