ತುಕ್ಕು ತಿಂದ ಜಿಪ್ಸಿಗೆ ಫೈಬರ್ ಮಡ್‌ಗಾರ್ಡು ಕೂರಿಸಿದ್ದು

ಗಾಡಿ ತೊಳೆಯುತ್ತಿದ್ದಾಗ ಎಡಗಡೆಯ ಮುಂದಿನ ಮಡ್‌ಗಾರ್ಡಿನ ಕೆಳ ಅಂಚಿನಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿದ್ದು ಕಂಡಿತು. ಸ್ಕ್ರೂ ಡ್ರೈವರಿನ ತುದಿ ಇಟ್ಟು ಸ್ವಲ್ಪ ಒತ್ತಿದೆ. ತಡೆಯೇ ಇಲ್ಲದೆ ಒಳಗೆ ಹೋಯಿತು. ಹೊರಗೆ ಎಳೆದಾಗ ಮೊದಲು ತುಕ್ಕಿನ ಹುಡಿ, ಅದರ ಬೆನ್ನಿಗೆ ಒದ್ದೆ ಕೆಮ್ಮಣ್ಣು ಉದುರಿತು. ಮಳೆ ನಿಂತು ಎರಡು ತಿಂಗಳಾಗಿತ್ತು. ಆ ಮಣ್ಣು ಇನ್ನೂ ಒಣಗಿರಲಿಲ್ಲ.

ನನ್ನದು 1997ರ ಜಿಪ್ಸಿ ಕಿಂಗ್. ಮಾರುತಿಯವರು 1985ರಲ್ಲಿ ತಂದ ಮೊದಲ ಜಿಪ್ಸಿಗೆ 970 ಸಿಸಿ ಎಂಜಿನ್ ಇತ್ತು. 1996ರಲ್ಲಿ ಬಂದ ಕಿಂಗ್‌ಗೆ 1.3 ಲೀಟರಿನದು. ಎಂಜಿನ್ ಬದಲಾದರೂ ಕಟ್ಟು ಮಾತ್ರ ಹಳೆಯದೇ: ಏಣಿಯಂಥ ಚಾಸಿ, ನಾಲ್ಕೂ ಕಡೆ ಪಟ್ಟಾ ಸ್ಪ್ರಿಂಗು, ಚಾಸಿಯ ಮೇಲೆ ರಬ್ಬರ್ ಇಟ್ಟು ಬೋಲ್ಟು ಬಿಗಿದ ತಗಡಿನ ಮೈ. ನಾನು ಅದನ್ನು ಕಾರವಾರದ ಒಬ್ಬರಿಂದ ಕೊಂಡೆ. ಕಡಲ ದಂಡೆಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ಸಂದುಗೊಂದುಗಳಲ್ಲಿ ಉಪ್ಪು ಉಳಿದೇ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ಮಣ್ಣನ್ನು ಹಸಿಯಾಗಿಯೇ ಇಡುತ್ತದೆ. ಅಲ್ಲಿಂದ ಗಾಡಿ ಘಟ್ಟ ಹತ್ತಿ ಶಿರಸಿಯ ಮಳೆಗೆ ಬಂದಿತು. ನಮ್ಮ ಮನೆಗೆ ಡಾಂಬರು ರಸ್ತೆಯಿಂದ ಎರಡು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಹಳ್ಳ ದಾಟಿದರೆ ಏರು. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಏರನ್ನು ಹತ್ತುವುದು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಮಾತ್ರ. ಅಪ್ಪಯ್ಯನನ್ನು ಎರಡು ಸಲ ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಒಯ್ದ ಗಾಡಿ ಅದು. ಮಾರುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಜೀಪಾದರೆ ಇಡೀ ಮೈಯನ್ನೇ ಹರಿಯಾಣದ ಮಂಡಿ ಡಬ್ವಾಲಿಯ ಕಡೆಯಿಂದ ತರಿಸುವವರಿದ್ದಾರೆ. ನನಗೆ ಬೇಕಾದದ್ದು ಅಷ್ಟಲ್ಲ. ಮುಂದಿನ ಎರಡು ಮಡ್‌ಗಾರ್ಡು, ಬಾನೆಟ್ಟು. ಈ ಮೂರೂ ಬೋಲ್ಟಿನಲ್ಲಿ ನಿಲ್ಲುವ ಭಾಗಗಳು. ಹಿಂದಿನ ಚಕ್ರದ ಕಮಾನು ಮೈಗೇ ಬೆಸೆದುಕೊಂಡಿರುತ್ತದೆ, ಅಲ್ಲಿ ತಗಡು ಕತ್ತರಿಸಿ ತಗಡನ್ನೇ ಬೆಸೆಯಬೇಕು. ಬಹಳ ಯೋಚಿಸಿ ಒಂದು ಗೆರೆ ಹಾಕಿಕೊಂಡೆ: ಭಾರ ಹೊರುವಲ್ಲಿ ಕಬ್ಬಿಣ, ಕೆಸರು ತಡೆಯುವಲ್ಲಿ ಫೈಬರು, ಅಂದರೆ ಗಾಜಿನ ನಾರನ್ನು ರೆಸಿನ್ ಎಂಬ ಅಂಟಿನಲ್ಲಿ ಗಟ್ಟಿಗೊಳಿಸಿದ್ದು. ಮಾರುಕಟ್ಟೆಯಲ್ಲಿ ತಗಡಿನ ಮಡ್‌ಗಾರ್ಡೂ ಸಿಗುತ್ತದೆ. ಆದರೆ ನಾನು ನೋಡಿದವು ಮೂಲ ತಗಡಿಗಿಂತ ತೆಳ್ಳಗಿದ್ದವು, ನಮ್ಮ ಮಳೆಗೆ ಹೆಚ್ಚು ವರ್ಷ ಬಾಳುವ ಭರವಸೆ ನನಗೆ ಬರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಫೈಬರ್ ಒಡೆದರೆ ಸರಿಮಾಡುವ ಕೈಗಳು ನಮ್ಮ ಕರಾವಳಿಯ ತುಂಬ ಇವೆ. ಕಾರವಾರದಿಂದ ಭಟ್ಕಳದವರೆಗೆ ಮೀನುಗಾರರ ಸಣ್ಣ ದೋಣಿಗಳಲ್ಲಿ ಬಹುಪಾಲು ಅದೇ ಗಾಜಿನ ನಾರು, ಅದೇ ರೆಸಿನ್‌ನಿಂದ ಆದವು.

ಬೇಸಗೆಯಲ್ಲಿ ಫೈಬರ್ ಭಾಗಗಳ ಪಾರ್ಸೆಲ್ ಬಂತು. ಗೋಣಿ ಬಿಚ್ಚಿದಾಗ ಹೊರಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳಪನ್ನು ನೋಡಿ ಏನನ್ನೂ ನಿರ್ಧರಿಸಬಾರದು. ಮಡಕೆ ಕೊಳ್ಳುವಾಗ ಬಡಿದು ನೋಡುವಂತೆ ಬೆರಳಿನ ಗಿಣ್ಣಿನಿಂದ ಅಂಗುಲ ಅಂಗುಲ ಬಡಿದು ನೋಡಿದೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಪದರದ ನಡುವೆ ಗಾಳಿ ಸಿಕ್ಕಿಕೊಂಡಲ್ಲಿ ಬೊದಬೊದ ಎನ್ನುತ್ತದೆ. ಎಡಗಡೆಯದರಲ್ಲಿ ಅಂಥ ಎರಡು ಜಾಗ ಸಿಕ್ಕಿತು. ಗಾಡಿಯ ಮೇಲೆ ಇಟ್ಟು ನೋಡಿದರೆ ಬಾನೆಟ್ಟಿನ ಕಡೆ ಒಂದು ಬೆರಳು ತೂರುವಷ್ಟು ಸಂದು. ಬೋಲ್ಟಿನ ತೂತುಗಳು ಒಂದೂ ಇರಲಿಲ್ಲ. ಕೊಂಡ ಫೈಬರ್ ಭಾಗ ಬಂದ ಹಾಗೆಯೇ ಕೂರುತ್ತದೆ ಎಂದು ಯಾರೂ ಎಣಿಸದಿರಲಿ; ಕೂರಿಸುವುದೇ ಕೆಲಸ.

ಆ ಕೆಲಸ ಶುರುವಾಗುವುದು ಮಡ್‌ಗಾರ್ಡಿನಿಂದ ಅಲ್ಲ, ಅದರ ಅಡಿಯಿಂದ. ಹಳೆಯದನ್ನು ಬಿಚ್ಚಿದಾಗ ಹತ್ತರಲ್ಲಿ ನಾಲ್ಕು ಬೋಲ್ಟುಗಳ ತಲೆ ಮುರಿದವು. ಒಳಗಿನ ತಗಡಿನಲ್ಲಿ, ಬ್ಯಾಟರಿಯ ಕೆಳಗೆ, ಅಂಗೈ ಅಗಲದ ತೂತು. ಬ್ಯಾಟರಿಯ ಆಮ್ಲ ಸೋರಿದ ಜಾಗ ಅದು. ತೂತಿನ ಸುತ್ತ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿದೆ. ಹೊಸ ತುಂಡಿಗೆ ಅಳತೆ ತೆಗೆಯಲು ರಟ್ಟು ಒಗ್ಗಲಿಲ್ಲ, ಆ ತಿರುವಿನಲ್ಲಿ ಮಡಿಚಿ ಮುರಿಯುತ್ತಿತ್ತು. ಅಡಿಕೆ ಹಾಳೆಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ತೆಗೆದೆ. ನೆನೆದ ಹಾಳೆ ಚರ್ಮದಂತೆ ಬಾಗುತ್ತದೆ, ಮೂಲೆಗೆ ಒತ್ತಿದರೆ ಮೂಲೆಯ ಆಕಾರ ಪಡೆಯುತ್ತದೆ. ಒಣಗಿದರೆ ಸೆಟೆದುಕೊಳ್ಳುವುದರಿಂದ ತಕ್ಷಣ 20 ಗೇಜಿನ ತಗಡಿನ ಮೇಲಿಟ್ಟು ಗೆರೆ ಎಳೆದುಕೊಳ್ಳಬೇಕು. ಬೆಸೆಯುವ ಮೊದಲು ಬ್ಯಾಟರಿಯ ಎರಡೂ ತಂತಿ ಬಿಚ್ಚಿಟ್ಟೆ, ಪಕ್ಕದಲ್ಲಿ ನೀರಿನ ಕೊಡ ಮತ್ತು ಒದ್ದೆ ಗೋಣಿ ಇಟ್ಟುಕೊಂಡೆ. ಹಿಂದಿನ ಕಮಾನಿನ ಬೆಸುಗೆಯನ್ನು ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟ ಮೇಲೆ ಮಾಡಿಸಿದ್ದು. ಟ್ಯಾಂಕ್ ಇಳಿಸಲು ಸೋಮಾರಿತನ ಮಾಡುವ ಕೈಗೆ ಗಾಡಿ ಕೊಡಬೇಡಿ.

ಚಾಸಿ ಮತ್ತು ಮೈ ನಡುವಿನ ರಬ್ಬರುಗಳನ್ನು ನೋಡುವ ಯೋಚನೆ ನನಗೆ ತಡವಾಗಿ ಬಂತು. ಟಿಂಕರಿಂಗ್ ಮಾಡುವ ಭಾವ ಬಂದು ಬಾಗಿಲಿನ ಸಂದನ್ನು ನೋಡಿ, "ಮೈ ಎಡಕ್ಕೆ ಕುಸಿದಿದೆಯಲ್ಲ ಮಾರಾಯ, ಇದರ ಮೇಲೆ ಅಳತೆ ಹಿಡಿದರೆ ನಾಳೆ ರಬ್ಬರ್ ಹಾಕಿದ ದಿನ ಎಲ್ಲ ತಪ್ಪುತ್ತದೆ" ಎಂದ. ಹೌದು, ಎಡಗಡೆಯ ಮುಂದಿನ ರಬ್ಬರು ದೋಸೆಯಷ್ಟು ತೆಳ್ಳಗಾಗಿತ್ತು. ಎಲ್ಲವನ್ನೂ ಬದಲಿಸಿದ ಮೇಲೆ ಒಂದು ಬೆರಳಿನ ಸಂದು ಅರ್ಧಕ್ಕೆ ಇಳಿಯಿತು. ಫೈಬರಿನ ತಪ್ಪು ಎಂದು ನಾನು ಬೈದುಕೊಂಡಿದ್ದರಲ್ಲಿ ಅರ್ಧ ತಪ್ಪು ನನ್ನ ಗಾಡಿಯದೇ ಆಗಿತ್ತು.

ಉಳಿದ ಅರ್ಧ ಸಂದನ್ನು ಜುಲೈಯಲ್ಲಿ ಮನೆಯ ಕೊಟ್ಟಿಗೆಯಲ್ಲೇ ತುಂಬಲು ಹೋದೆ. ಹೊರಗೆ ಧೋ ಎಂದು ಮಳೆ. ಅಂಚಿಗೆ ಎರಡು ಪದರ ನಾರು ಹಾಸಿ ರೆಸಿನ್ ಬಳಿದೆ. ಮರುದಿನ ಮುಟ್ಟಿದರೆ ಅಂಟು. ಮೂರನೆಯ ದಿನವೂ ಜೋನಿ ಬೆಲ್ಲದಂತೆ ಅಂಟು. ಗಟ್ಟಿಯಾಗಲೆಂದು ಇನ್ನೊಮ್ಮೆ ಬೆರೆಸುವಾಗ ಹಾರ್ಡ್‌ನರ್ ಹೆಚ್ಚು ಸುರಿದೆ. ಡಬ್ಬಿಯಲ್ಲೇ ಅದು ಬಿಸಿಯಾಗಿ ಹೊಗೆಯಾಡಿತು. ಎಲ್ಲವನ್ನೂ ಕೆರೆದು ತೆಗೆದು, ಹಳೆಯ ಮಡ್‌ಗಾರ್ಡುಗಳಿಗೇ ತಗಡಿನ ತೇಪೆ ಹಾಕಿ ಆ ಮಳೆಗಾಲ ಕಳೆದೆ.

ಅಡಿಕೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಲ್ಲಿ, ಮೂರೂ ಭಾಗಗಳನ್ನು ಹಿಂದೆ ಕಟ್ಟಿಕೊಂಡು ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರದ ಕಡೆ ಹೋದೆ. ಪರಿಚಯದವರು ಹೇಳಿದ ದೋಣಿ ಕೆಲಸದವರ ಚಪ್ಪರ ಕಡಲಿಗೆ ಹತ್ತಿರ, ತೆಂಗಿನ ಮರಗಳ ನಡುವೆ. ಒಂದು ದೋಣಿ ಬೋರಲಾಗಿ ಮಲಗಿತ್ತು. ಮೀನುಗಾರ ಖಾರ್ವಿ ಸಮುದಾಯದ ಆ ವಯಸ್ಸಾದ ಕೆಲಸಗಾರರು ನನ್ನ ಮಡ್‌ಗಾರ್ಡನ್ನು ತಿರುಗಿಸಿ ಒಳಮೈ ನೋಡಿ, "ಭಟ್ಟರೇ, ಇದಕ್ಕೆ ಹೊರಗೆ ಅಂಗಿ ಇದೆ, ಒಳಗೆ ಮೂಳೆ ಇಲ್ಲ" ಎಂದರು. ಜುಲೈಯ ಸಂಗತಿ ಹೇಳಿದೆ. "ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ಬಂದ್. ಆಗ ಎಲ್ಲರ ದೋಣಿಯೂ ಮೇಲೆ ಬರುತ್ತದೆ, ಎಲ್ಲರಿಗೂ ರಿಪೇರಿ ಬೇಕು. ಆದರೂ ಜೋರು ಮಳೆಯ ದಿನ ನಾನು ರೆಸಿನ್ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ. ನಾರು ತೇವ ಕುಡಿದರೆ ರೆಸಿನ್ ಕುಡಿಯುವುದಿಲ್ಲ" ಎಂದರು.

ಅವರ ಕೆಲಸವನ್ನು ಇಡೀ ದಿನ ಪಕ್ಕದಲ್ಲಿ ಕುಳಿತು ನೋಡಿದೆ. ಮೊದಲು ಒಳಮೈಯನ್ನು ದಪ್ಪ ಉಜ್ಜುಕಾಗದದಿಂದ ಹೊಳಪೆಲ್ಲ ಹೋಗುವವರೆಗೆ ಉಜ್ಜಿದರು, ಅಸಿಟೋನ್ ಬಟ್ಟೆಯಿಂದ ಒರೆಸಿದರು. ನಾರಿನ ಹಾಸನ್ನು ಕತ್ತರಿಯಿಂದ ಕತ್ತರಿಸಲಿಲ್ಲ, ಕೈಯಿಂದ ಹರಿದರು. ಹರಿದ ಅಂಚಿನಲ್ಲಿ ಎಳೆಗಳು ಬಿಡಿಬಿಡಿಯಾಗಿ ಚಾಚಿಕೊಂಡಿರುತ್ತವೆ, ಹಳೆಯ ಮೈಯೊಳಗೆ ಗೆರೆ ಕಾಣದಂತೆ ಬೆರೆತುಬಿಡುತ್ತವೆ. ಕತ್ತರಿಸಿದ ಅಂಚು ಮೆಟ್ಟಿಲಿನಂತೆ ನಿಲ್ಲುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಬ್ರಷ್ಷನ್ನು ಎಳೆಯದೆ ಕುಕ್ಕಿ ಕುಕ್ಕಿ ರೆಸಿನ್ ಕುಡಿಸಿದರು. ಹಿಮದಂತೆ ಬೆಳ್ಳಗಿದ್ದ ಹಾಸು ನೋಡನೋಡುತ್ತಿದ್ದಂತೆ ಗಾಜಿನಂತೆ ಪಾರದರ್ಶಕವಾಯಿತು. ಎಲ್ಲಿ ಬಿಳಿ ಉಳಿಯಿತೋ ಅಲ್ಲಿ ಗಾಳಿ ಇದೆ ಎಂದರ್ಥ. ಆ ಜಾಗಗಳ ಮೇಲೆ ಹಲ್ಲುಹಲ್ಲಿನ ಕಬ್ಬಿಣದ ರೋಲರ್ ಓಡಿಸಿದಾಗ ಚಿಟಿಚಿಟಿ ಸದ್ದಿನೊಂದಿಗೆ ಗುಳ್ಳೆಗಳು ಅಂಚಿಗೆ ಸರಿದು ಒಡೆದವು. ನನ್ನ ಕೊಟ್ಟಿಗೆಯಲ್ಲಿ ಆ ಸದ್ದೇ ಕೇಳಿರಲಿಲ್ಲ.

ಹಾರ್ಡ್‌ನರ್ ಅಳತೆ ನೂರು ಪಾಲು ರೆಸಿನ್‌ಗೆ ಒಂದರಿಂದ ಎರಡು ಪಾಲು. ಬಿಸಿಲು ಹೆಚ್ಚಿದ್ದರೆ ಕಡಿಮೆ. ರೆಸಿನ್ ಬೇಗ ಗಟ್ಟಿಯಾಗಲು ಸೇರಿಸುವ ಕೋಬಾಲ್ಟಿನ ನೇರಳೆ ಬಣ್ಣದ ಬಾಟಲಿ ಚಪ್ಪರದ ಒಂದು ತುದಿಯಲ್ಲಿ, ಹಾರ್ಡ್‌ನರ್ ಇನ್ನೊಂದು ತುದಿಯಲ್ಲಿ ಇತ್ತು. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್ ಹಾಕಬೇಕು. ಅವೆರಡನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹತ್ತಿ ಸಿಡಿಯಬಹುದು. ಮನೆಯಲ್ಲಿ ಮಾಡುವವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ. ಉಜ್ಜುವಾಗ ಏಳುವ ಗಾಜಿನ ಧೂಳು ಶ್ವಾಸಕ್ಕೆ ಕೆಟ್ಟದ್ದು. ಮಾಸ್ಕು, ಕನ್ನಡಕ, ತುಂಬುತೋಳಿನ ಅಂಗಿ ಇಲ್ಲದೆ ಕೈ ಹಾಕಬಾರದು.

ಬಾನೆಟ್ಟಿಗೆ ಅವರು ಮಾಡಿದ ಕೆಲಸವನ್ನು ನಾನು ಮರೆಯುವುದಿಲ್ಲ. ಕೊಂಡದ್ದು ಎಷ್ಟು ತೆಳ್ಳಗಿತ್ತೆಂದರೆ ಎರಡು ಕೈಯಲ್ಲಿ ಹಿಡಿದರೆ ಹಾಳೆಯಂತೆ ತೊನೆಯುತ್ತಿತ್ತು. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಒಳಮೈಯಲ್ಲಿ ಬೋರಲಿಟ್ಟು, ಅದರ ಮೇಲೆ ಮೂರು ಪದರ ನಾರು ಹೊದಿಸಿದರು. ದೋಣಿಗೆ ಪಕ್ಕೆಲುಬು ಕೊಡುವ ರೀತಿಯೇ ಇದು. ಲಾಕಿನ ಕೊಕ್ಕೆ ಬರುವಲ್ಲಿ ಕಬ್ಬಿಣದ ತಟ್ಟೆಯೊಂದನ್ನು ಪದರಗಳ ನಡುವೆ ಹುದುಗಿಸಿದರು. ಓಡುವಾಗ ಬಾನೆಟ್ ಎದ್ದು ಗಾಜಿಗೆ ಬಡಿದರೆ ಏನಾಗುತ್ತದೆ ಎಂದು ಯೋಚಿಸಿದರೆ ಆ ಒಂದು ತಟ್ಟೆಯ ಬೆಲೆ ತಿಳಿಯುತ್ತದೆ.

ಮನೆಗೆ ತಂದು ಕೂರಿಸಿದ ಕ್ರಮ ಹೀಗೆ. ಹಳೆಯ ಮಡ್‌ಗಾರ್ಡನ್ನೇ ಅಚ್ಚಾಗಿಟ್ಟು ತೂತುಗಳ ಗುರುತು ಹಾಕಿದೆ. ಬೋಲ್ಟಿಗಿಂತ ತುಸು ದೊಡ್ಡ ತೂತು ಕೊರೆದೆ, ಎರಡೂ ಕಡೆ ಅಗಲದ ವಾಷರು, ನಡುವೆ ರಬ್ಬರು. ಬಾಗಿಲಿನ ಕಡೆಯಿಂದ ಶುರುಮಾಡಿ, ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿಯೇ ಹಿಡಿಸಿ, ಬಾನೆಟ್ ಮುಚ್ಚಿ ಸಂದುಗಳನ್ನು ನೋಡಿ, ಕೊನೆಗೆ ಬಿಗಿದೆ. ಕಬ್ಬಿಣಕ್ಕೆ ಬಿಗಿದಂತೆ ಇದಕ್ಕೆ ಬಿಗಿಯಬಾರದು. ಒಂದು ಕಡೆ ಚಟ್ ಎಂದು ಸಣ್ಣ ಸದ್ದು ಬಂದದ್ದೇ ತಡ, ತೂತಿನಿಂದ ಕೂದಲೆಳೆಯ ಬಿರುಕು ಹೊರಟಿತ್ತು.

ಆ ಸಂಜೆ ಇಂಡಿಕೇಟರ್ ಹಾಕಿದರೆ ಎಡಬದಿಯ ಮಡ್‌ಗಾರ್ಡಿನ ದೀಪ ಹೊತ್ತಲಿಲ್ಲ. ಬಲ್ಬು ಬದಲಿಸಿದೆ, ಫ್ಯೂಸು ನೋಡಿದೆ. ಆಮೇಲೆ ಹೊಳೆಯಿತು: ಹಿಂದಿನವರು ಹಾಕಿಸಿದ್ದ ಆ ದೀಪಕ್ಕೆ ಒಂದೇ ತಂತಿ, ಅರ್ತಿಂಗ್ ಮಡ್‌ಗಾರ್ಡಿನ ತಗಡಿನಿಂದಲೇ ಸಿಗುತ್ತಿತ್ತು. ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಕಪ್ಪು ತಂತಿಯೊಂದನ್ನು ಚಾಸಿಗೆ ಎಳೆದ ಮೇಲೆ ದೀಪ ಬಂತು.

ಬಣ್ಣ ಹೊಡೆಸಲು ಒಂದೂವರೆ ತಿಂಗಳು ಕಾಯಬೇಕಾಯಿತು. ಅದು ಮಾರಿಕಾಂಬಾ ಜಾತ್ರೆಯ ವರ್ಷ, ಶಿರಸಿಯಲ್ಲಿ ಬಣ್ಣದವರೊಬ್ಬರೂ ಬಿಡುವಾಗಿರಲಿಲ್ಲ. ಬಣ್ಣ ಮೊದಲಿನದೇ, ಬಿಳಿ. ಹಸಿರು ಮಾಡೋಣ ಎಂದು ಮಗಳು ಕೇಳಿದಳು. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಾಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿದೆ. ಕ್ಯಾನ್ವಾಸ್ ಹೊದಿಕೆ ತೆಗೆದು ಫೈಬರಿನ ಗಟ್ಟಿ ಛಾವಣಿ ಹಾಕುವ ಆಸೆಯನ್ನು ಇದೇ ಕಾರಣಕ್ಕೆ ಬಿಟ್ಟೆ. ಮುಂದೆ ಕಬ್ಬಿಣದ ದೊಡ್ಡ ಗಾರ್ಡ್ ಹಾಕಿಸು ಎಂದವರೂ ಇದ್ದರು. ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲೇ ಅದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ, ಅದು ಎದುರು ಸಿಕ್ಕ ಪಾದಚಾರಿಯ ಪ್ರಾಣಕ್ಕೆ ಅಪಾಯ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ದು ನವೀಕರಿಸಬೇಕಾಗುತ್ತದೆ. ಮೂಲ ಆಕಾರ, ಮೂಲ ಬಣ್ಣ, ಮೂಲ ಅಳತೆಯ ಟೈರು ಇದ್ದರೆ ಆ ದಿನ ತಲೆ ಎತ್ತಿ ನಿಲ್ಲಬಹುದು.

ಚಕ್ರದ ಮೇಲೆ ಅಗಲವಾಗಿ ಚಾಚುವ ಫೈಬರ್ ಅಂಚುಗಳನ್ನೂ ಹಲವರು ಹಾಕಿಸುತ್ತಾರೆ. ನಾನು ಹಾಕಿಸಲಿಲ್ಲ. ಅವನ್ನು ಹಿಡಿಸಲು ಒಳ್ಳೆಯ ತಗಡಿನಲ್ಲಿ ಒಂದೊಂದು ಚಕ್ರಕ್ಕೂ ಎಂಟು, ಹತ್ತು ತೂತು ಕೊರೆಯಬೇಕು, ಆಮೇಲೆ ಅಂಚಿನ ಹಿಂದೆ ಕೆಮ್ಮಣ್ಣು ಕೂರುತ್ತದೆ. ಎಷ್ಟು ಶ್ರಮಪಟ್ಟು ಮುಚ್ಚಿದ ತೂತುಗಳವು.

ಈಗ ಒಂದು ಮಳೆಗಾಲ ಕಳೆದಿದೆ. ಹಳ್ಳದ ಏರಿನಲ್ಲಿ ಮತ್ತಿ ಮರದ ಕೊಂಬೆಯೊಂದು ಬಲಗಡೆಗೆ ಬಡಿದು ಫೈಬರ್ ಗೇಣುದ್ದ ಸೀಳಿತು. ತಗಡಾಗಿದ್ದರೆ ತಗ್ಗಾಗುತ್ತಿತ್ತು, ಫೈಬರ್ ಸೀಳುತ್ತದೆ. ನವೆಂಬರಿನ ಬಿಸಿಲು ಬಂದ ಮೇಲೆ ನಾರನ್ನು ಕೈಯಿಂದ ಹರಿದು, ನಾನೇ ಕೂತು ತೇಪೆ ಹಾಕಿದೆ. ರೋಲರ್ ಚಿಟಿಚಿಟಿ ಎಂದಿತು. ಅದೇ ದಿನ ಎಡಗಡೆಯ ಮಡ್‌ಗಾರ್ಡನ್ನೂ ಬಿಚ್ಚಿ ಬ್ಯಾಟರಿಯ ಕೆಳಗೆ ಟಾರ್ಚ್ ಹಿಡಿದು ನೋಡಿದೆ. ಬೆಸೆದ ತುಂಡಿನ ಮೇಲಿನ ಬಣ್ಣ ಹಾಗೆಯೇ ಇದೆ, ನೀರು ಇಳಿಯುವ ತೂತು ತೆರೆದಿದೆ. ಬಲಗಡೆಯ ಬಾಗಿಲಿನ ಕೆಳ ಅಂಚಿನಲ್ಲಿ ಮಾತ್ರ ಬಣ್ಣ ಎರಡು ಕಡೆ ಉಬ್ಬಿದೆ. ಅಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿಟ್ಟಿದ್ದೇನೆ. ಕೊಯ್ಲು ಮುಗಿಯಲಿ.